ಕಾಲುವೆಯ ಸಾವುಗಳು ಮತ್ತು ಸಾರ್ವಜನಿಕ ಸಂಶಯ

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಯಾರೋ ಜನರನ್ನು ಕಾಲುವೆಗೆ ತಳ್ಳಿ ಕೊಲ್ಲುತ್ತಿದ್ದಾನೆ ಎಂಬ ಮಾತು 2015ರ ಜನವರಿಯಲ್ಲಿ ಪತ್ರಿಕೆಗೆ ಬಂತು. ಆರು ವರ್ಷಗಳಲ್ಲಿ 60ಕ್ಕೂ ಹೆಚ್ಚು ಶವಗಳು ನೀರಿನಲ್ಲಿ ಸಿಕ್ಕಿವೆ ಎಂಬ ಲೆಕ್ಕ ಅದಕ್ಕೆ ಆಧಾರವಾಗಿತ್ತು. ಇಷ್ಟೊಂದು ಸಾವು ಬರೀ ಅಪಘಾತ, ಆತ್ಮಹತ್ಯೆಗಳಿಂದ ಆಗಿರಲಾರದು ಎಂದು ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಅಭಿಪ್ರಾಯಪಟ್ಟಿದ್ದರು. ಸರಣಿ ಹಂತಕನಿದ್ದಾನೆ ಎನ್ನಲು ಪುರಾವೆಯಿಲ್ಲ ಎಂದು ಪೊಲೀಸರು ಸ್ಪಷ್ಟಪಡಿಸಿದರು. ಸಂಶಯ ಮಾತ್ರ ಹೋಗಲಿಲ್ಲ.

ಮೊದಲು ಸ್ಥಳವನ್ನು ನೋಡಬೇಕು. 1804ರಲ್ಲಿ ಪೂರ್ಣಗೊಂಡ ರೋಚ್‌ಡೇಲ್ ಕಾಲುವೆ ಊರಿನ ನಡುವೆಯೇ ಹಾದು ಹೋಗುತ್ತದೆ. ಬಾರು, ಕ್ಲಬ್ಬುಗಳಿಂದ ಗಿಜಿಗುಡುವ ಕೆನಾಲ್ ಸ್ಟ್ರೀಟ್ ಇರುವುದು ಅದರ ದಡದಲ್ಲೇ. ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಈಗ ಕಾಲುದಾರಿ. ಅದು ಸೇತುವೆಗಳ ಕೆಳಗೆ ಕಿರಿದಾಗುತ್ತದೆ. ಮಳೆ ಬಂದರೆ ಕಲ್ಲಿನ ಅಂಚು ಜಾರುತ್ತದೆ. ನೀರಿನ ಮಟ್ಟ ಏರಿಳಿಸುವ ಲಾಕ್‌ಗಳಲ್ಲಿ ಗೋಡೆ ನೇರವಾಗಿ ಇಳಿದಿರುವುದರಿಂದ, ಬಿದ್ದವರಿಗೆ ಹಿಡಿದು ಮೇಲೆ ಹತ್ತಲು ಆಸರೆ ಸಿಗುವುದು ಕಷ್ಟ.

15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿಗೆ ಹಠಾತ್ತನೆ ಬಿದ್ದ ದೇಹ ತಡೆಯಲಾಗದಂತೆ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಈಜು ಬಂದೂ ಪ್ರಯೋಜನವಿಲ್ಲ. ಮದ್ಯ ಕುಡಿದಿದ್ದರೆ ಆಯ ತಪ್ಪುವ ಸಂಭವವೂ ಹೆಚ್ಚು, ಚೇತರಿಸಿಕೊಳ್ಳುವ ಸಾಮರ್ಥ್ಯವೂ ಕಡಿಮೆ.

ಮರಣೋತ್ತರ ಪರೀಕ್ಷೆಯ ಮಿತಿಯೂ ಇಲ್ಲಿ ಮುಖ್ಯ. ಮುಳುಗಿ ಸತ್ತದ್ದನ್ನು ಖಚಿತವಾಗಿ ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಆ ನಿರ್ಣಯಕ್ಕೆ ಬರಬೇಕು. ಶ್ವಾಸನಾಳದ ನೊರೆ, ಉಬ್ಬಿದ ಶ್ವಾಸಕೋಶ ಸುಳಿವು ಕೊಡುತ್ತವೆ, ಆದರೆ ಶವ ಕೊಳೆತಂತೆ ಅವೂ ಅಳಿಸಿಹೋಗುತ್ತವೆ. ಮೂಳೆಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಹುಡುಕುವ ವಿಧಾನದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸತ್ತ ಮೇಲೆ ಕಲ್ಲಿಗೆ ಉಜ್ಜಿ ಆದ ಗಾಯ ಹಲ್ಲೆಯಂತೆ ಕಾಣಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬೆನ್ನಿಗೆ ಕೊಟ್ಟ ಒಂದು ತಳ್ಳು ದೇಹದ ಮೇಲೆ ಗುರುತು ಉಳಿಸಬೇಕೆಂದಿಲ್ಲ. ಹಾಗಾಗಿ ಸಂಶಯವನ್ನು ವೈದ್ಯಶಾಸ್ತ್ರವೊಂದೇ ಪೂರ್ತಿ ನಿವಾರಿಸಲಾರದು.

ಇಂಗ್ಲೆಂಡಿನಲ್ಲಿ ಇಂಥ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ ಕೊರೋನರ್. ಯಾವ ತೀರ್ಮಾನಕ್ಕೂ ಸಾಕಷ್ಟು ಸಾಕ್ಷ್ಯ ಸಿಗದಿದ್ದಾಗ ಅವರು ಪ್ರಕರಣವನ್ನು 'ಓಪನ್' ಎಂದು ದಾಖಲಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇದು ಸಾಕ್ಷ್ಯದ ಕೊರತೆ. ಮಗನನ್ನು ಕಳೆದುಕೊಂಡ ಮನೆಯವರ ಪಾಲಿಗೆ ಉತ್ತರವಿಲ್ಲದ ಪ್ರಶ್ನೆ. ಇಂಥ ಹಲವು ಪ್ರಕರಣಗಳನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿದಾಗ, ಅಪಘಾತ, ಆತ್ಮಹತ್ಯೆ, ಕಾರಣ ತಿಳಿಯದ ಸಾವು ಎಂಬ ಭೇದ ಮರೆಯಾಗಿ ಮೊತ್ತವೇ ಪುರಾವೆಯಂತೆ ತೋರುತ್ತದೆ.

ಅಮೆರಿಕದಲ್ಲೂ ಹೀಗೇ ಆಯಿತು. ಹಲವು ರಾಜ್ಯಗಳಲ್ಲಿ ಕಾಲೇಜು ಯುವಕರು ಮುಳುಗಿ ಸತ್ತದ್ದರ ಹಿಂದೆ ಒಂದು ಗುಂಪಿದೆ, ನೀರಿನ ಸಮೀಪ ಕಂಡ ನಗುಮುಖದ ಚಿತ್ರವೇ ಅದರ ಗುರುತು ಎಂದು ನ್ಯೂಯಾರ್ಕಿನ ನಿವೃತ್ತ ಪತ್ತೇದಾರರು 2008ರಲ್ಲಿ ವಾದಿಸಿದರು. ಈ ಸಾವುಗಳ ನಡುವೆ ನಂಟಿದೆ ಎನ್ನಲು ಪುರಾವೆ ಸಿಕ್ಕಿಲ್ಲ ಎಂದು ಅದೇ ವರ್ಷ ಎಫ್‌ಬಿಐ ಹೇಳಿತು. ನಗುಮುಖ ಎಲ್ಲ ಊರಿನ ಗೋಡೆಗಳಲ್ಲೂ ಕಾಣಸಿಗುವ ಚಿತ್ರ. ಹುಡುಕಿದವರಿಗೆ ಅದು ಸಿಗದೇ ಇರುವುದೇ ಅಪರೂಪ.

ಆದ್ದರಿಂದ ಚರ್ಚಿಸಬೇಕಾದ ವಿಷಯಗಳು ಮೂರು: ತನಿಖೆ, ಮಾಹಿತಿ, ತಡೆ. ನೀರಿನಲ್ಲಿ ಸಿಕ್ಕ ಪ್ರತಿ ಶವದ ಸ್ಥಳವನ್ನೂ ಸಾಕ್ಷ್ಯ ನಾಶವಾಗುವ ಮೊದಲೇ ಪರಿಶೀಲಿಸಬೇಕು. ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ತೀರ್ಮಾನದೊಂದಿಗೆ ಎಂಬ ವಿವರಗಳನ್ನು ವಿಂಗಡಿಸಿ, ಹೆಸರಿಲ್ಲದೆ ಪ್ರಕಟಿಸಬೇಕು. ಅಪಾಯದ ಅಂಚುಗಳಿಗೆ ಕಟಕಟೆ, ದೀಪ, ಹಿಡಿದು ಹತ್ತಲು ಸರಪಳಿ ಬೇಕು. ಕೊಲೆಗಾರ ಇದ್ದರೂ ಇಲ್ಲದಿದ್ದರೂ ಈ ಮೂರೂ ಜೀವ ಉಳಿಸುವ ಕೆಲಸಗಳೇ. ವದಂತಿ ಅಲ್ಲಗಳೆಯುವ ಹೇಳಿಕೆಯೊಂದರಿಂದ ಇವು ಯಾವುವೂ ಆಗುವುದಿಲ್ಲ.