ಚದುರಂಗದ ಹೊಸಬರಿಗೆ ಯಾವ ಪ್ರಾರಂಭ?
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಚದುರಂಗದ ಮಣೆಯ ಮುಂದೆ ಹೊಸದಾಗಿ ಕುಳಿತವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಆಟವನ್ನು ಹೇಗೆ ಪ್ರಾರಂಭಿಸಬೇಕು? ಇದು ಸಣ್ಣ ಪ್ರಶ್ನೆಯಲ್ಲ. ಹೋಟೆಲಿನ ಕೆಲಸ ಮುಗಿಸಿಯೋ ಗಿರಣಿಯ ಪಾಳಿ ಬಿಟ್ಟೋ ದಣಿದು ಬಂದವನು ನಾಲ್ಕೇ ನಡೆಗಳಲ್ಲಿ ಸೋತು, ಸುತ್ತಲಿದ್ದವರ ನಗೆಗೆ ಗುರಿಯಾದರೆ ಮತ್ತೆ ಮಣೆಯ ಹತ್ತಿರ ಸುಳಿಯುವುದಿಲ್ಲ. ಹಾಗೆ ಬಿಟ್ಟುಹೋದವರಲ್ಲಿ ಒಳ್ಳೆಯ ತಲೆಗಳು ಎಷ್ಟಿದ್ದವೋ!

ಊರ ಜಗಲಿಯಲ್ಲಿ ಕಲಿತು ಬಂದವರಿಗೆ ಮೊದಲು ಒಂದು ಮಾತು. ದೇಶೀ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಅಂತರರಾಷ್ಟ್ರೀಯ ಕ್ರಮದಲ್ಲಿ ಎರಡು ಮನೆ ಹೋಗಬಹುದು. ಆದುದರಿಂದ ಕಾಳಗ ಬೇಗನೆ ಹತ್ತುತ್ತದೆ. ಅಂಜಬೇಕಾಗಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನರು ದೇಶೀ ಕ್ರಮದಲ್ಲೇ ಕಲಿತವರು. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ಗೆದ್ದರು.

ಪುಸ್ತಕಗಳಲ್ಲಿ ಪ್ರಾರಂಭಗಳು ನೂರಾರು. ಸಿಸಿಲಿಯನ್ ಎಂಬುದಂತೂ ಬಿಳಲು ಬಿಟ್ಟ ಆಲದ ಮರ. ಲಂಡನ್ ಪದ್ಧತಿಯನ್ನು ಕೆಲವರು ಹೊಸಬರಿಗೆ ಹೇಳಿಕೊಡುತ್ತಾರೆ. ಎದುರಾಳಿ ಏನಾಡಿದರೂ ನಮ್ಮ ಕಾಯಿಗಳು ಬಹುಮಟ್ಟಿಗೆ ಅದೇ ಮನೆಗಳಿಗೆ ಹೋಗುವುದರಿಂದ ಸುಲಭವೇನೋ ಹೌದು. ಆದರೆ ಎದುರಿನವನ ನಡೆ ನೋಡದೆ ಆಡುವ ಚಾಳಿಯೂ ಅದರೊಡನೆ ಅಂಟಿಕೊಳ್ಳುತ್ತದೆ. ನಮ್ಮ ಮತ ಇಟಾಲಿಯನ್ ಪ್ರಾರಂಭಕ್ಕೆ. 17ನೆಯ ಶತಮಾನದ ಇಟಲಿಯ ಗ್ರೇಕೋ ಬರೆದಿಟ್ಟ ಆಟಗಳಲ್ಲೂ ಇದುಂಟು; ಇಂದಿನ ಗ್ರ್ಯಾಂಡ್‌ಮಾಸ್ಟರರೂ ಇದನ್ನಾಡುತ್ತಾರೆ.

ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ, ಕರಿಯವನೂ ಹಾಗೆಯೇ. ಬಿಳಿಯ ರಾಜನ ಕಡೆಯ ಕುದುರೆ ನಡುವಿನತ್ತ ಹಾರಿ ಆ ಕರಿ ಕಾಲಾಳಿಗೆ ಗುರಿಯಿಡುತ್ತದೆ. ಕರಿಯವನು ಮಂತ್ರಿಯ ಕಡೆಯ ಕುದುರೆಯಿಂದ ಅದನ್ನು ಕಾಯುತ್ತಾನೆ. ಮೂರನೆಯ ನಡೆಗೆ ಬಿಳಿ ರಾಜನ ಪಕ್ಕದ ಒಂಟೆ ಓರೆಯಾಗಿ ಮೂರು ಮನೆ ಸಾಗಿ ನಿಲ್ಲುತ್ತದೆ. ಅದರ ಕಣ್ಣೆಲ್ಲಿ? ಕರಿ ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳಿನ ಮೇಲೆ. ಆ ಬಡಪಾಯಿಗೆ ರಾಜನೊಬ್ಬನೇ ಕಾವಲು! ಇನ್ನು ಕುದುರೆ, ಒಂಟೆ ಎರಡೂ ಹೊರಟು ದಾರಿ ತೆರವಾಯಿತಲ್ಲ, ರಾಜ ಆನೆಯತ್ತ ಎರಡು ಮನೆ ಸರಿಯಲಿ, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರಲಿ: ಕೋಟೆ ಕಟ್ಟಿದಂತಾಯಿತು. ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಮನೆ ಇಟ್ಟರೆ ನಡುವಿನ ಕಾಲಾಳಿಗೆ ಆಸರೆ, ಇನ್ನೊಂದು ಒಂಟೆಗೆ ದಾರಿ.

ನಾಲ್ಕು ನಡೆಯ ಸೋಲಿನ ಗುಟ್ಟೂ ಆ ಬಡ ಕಾಲಾಳಿನಲ್ಲೇ ಇದೆ. ಎದುರಾಳಿ ಎರಡನೆಯ ನಡೆಗೇ ಮಂತ್ರಿಯನ್ನು ಮಣೆಯ ಅಂಚಿಗೆ ತಂದನೆನ್ನಿ. ಮೊದಲು ಕುದುರೆಯಿಂದ ನಡುವಿನ ಕಾಲಾಳನ್ನು ಕಾಯಿರಿ. ಒಂಟೆಯೂ ಬಂದಾಗ, ರಾಜನ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿರಿ. ಮಂತ್ರಿ ಜಾಗ ಬಿಡಲೇಬೇಕು. ಅದು ಬೇರೆ ಕಡೆಯಿಂದ ಮತ್ತೆ ಗುರಿಯಿಟ್ಟರೆ ಆ ಕುದುರೆಯನ್ನೇ ಅಡ್ಡ ತನ್ನಿರಿ. ಈ ಕ್ರಮ ತಪ್ಪಿಸಿ ಮೊದಲೇ ಕಾಲಾಳನ್ನು ಸರಿಸಿದಿರೋ, ಆನೆಯೊಂದು ಹೋಯಿತೆಂದು ತಿಳಿಯಿರಿ.

ಬಿಳಿಯಿಂದ ಹತ್ತು ಸಲ, ಕರಿಯಿಂದ ಹತ್ತು ಸಲ ಇದನ್ನು ಆಡಿ ನೋಡಿರಿ. ಮೂರನೆಯ ನಡೆಗೆ ಕರಿಯವನು ಒಂಟೆಯ ಬದಲು ಎರಡನೆಯ ಕುದುರೆಯನ್ನು ತಂದರೆ ಆಟ ಬಿಸಿಯೇರುತ್ತದೆ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಣೆಯ ಮುಂದೆಯೇ ಕುಳಿತು ನೋಡೋಣ.