ಬೆಳಕು ತಾಳದ ಕಣ್ಣು, ಕಾರಿನ ಗಾಜು



ಹುಟ್ಟಿನಿಂದಲೇ ಮೈಯೂ ಕೂದಲೂ ಬೆಳ್ಳಗಿರುವ ಮಕ್ಕಳ ಕಣ್ಣು ಬಿಸಿಲನ್ನು ತಾಳದು. ಅಂಥ ಮಗುವಿಗಾಗಿ ವೈದ್ಯರ ಚೀಟಿ ಪಡೆದು ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸಬಹುದೇ ಎಂದು ನೀವು ಕೇಳಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈದ್ಯರ ಪತ್ರವಿದ್ದರೆ ಮುಂದಿನ ಆಸನದ ಪಕ್ಕದ ಗಾಜುಗಳಿಗೆ ಬಿಸಿಲು ಮರೆ ಹಾಕಬಹುದು. ಕತ್ತಲಾದ ಮೇಲೆ ಅದನ್ನು ಬಳಸುವಂತಿಲ್ಲ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಲ್ಲಿ ಅಂಥ ವಿನಾಯಿತಿಯಿಲ್ಲ. ಮುಂದಿನ, ಹಿಂದಿನ ಗಾಜುಗಳು ನೂರಕ್ಕೆ 70 ಪಾಲು, ಪಕ್ಕದವು 50 ಪಾಲು ಬೆಳಕನ್ನಾದರೂ ಬಿಡಲೇಬೇಕು. ರಾತ್ರಿ ರಸ್ತೆಯಲ್ಲಿ ಬರುವ ನಿಮ್ಮ ಎತ್ತಿನ ಗಾಡಿ ಚಾಲಕನಿಗೆ ಕಾಣಬೇಕಲ್ಲವೇ?

ಆದುದರಿಂದ ಮಗುವಿಗೆ ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಕಣ್ಣಿನ ವೈದ್ಯರು ಹೇಳಿದ ಕಪ್ಪು ಕನ್ನಡಕ ಹಾಕಿಸಿರಿ. ಬಿಸಿಲೇರುವ ಮೊದಲೇ ಪ್ರಯಾಣ ಹೊರಡಿರಿ.