ಕೊಯ್ದ ಲಿವರ್ ಮತ್ತೆ ಬೆಳೆಯುವುದು ಹೇಗೆ?



ಹೋದ ವಾರ ಜತ್ತ ತಾಲೂಕಿನ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: “ತಮ್ಮನ ಲಿವರ್ ಕೆಟ್ಟೈತಿ. ನಿಮ್ಮದರಾಗ ಒಂದು ಪಾಲು ಕೊಡ್ತೀರೇನು ಅಂತ ಡಾಕ್ಟರ್ ಕೇಳ್ಯಾರ. ಕೊಟ್ಟರ ನಾ ಉಳೀತೀನೇನ್ರಿ?”

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ಬಿ.ಎ. ಪುಸ್ತಕ ನೋಡಿ, ಡಾಕ್ಟರನ್ನು ಕೇಳಿ ಬಂದೆ.

ಲಿವರ್ ಅಂದರೆ ಪಿತ್ತಜನಕಾಂಗ. ಮಟನ್ ಅಂಗಡಿಯಲ್ಲಿ ಕಲೇಜಿ ಅಂತೀವಲ್ಲ, ಅದೇ. ಬಲಗಡೆ ಪಕ್ಕೆಲುಬಿನ ಒಳಗೆ ಇರುತ್ತದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ.

1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬುವರು ಇಲಿಯ ಲಿವರಿನ ಮೂರರಲ್ಲಿ ಎರಡು ಪಾಲು ಕೊಯ್ದು ತೆಗೆದರು. ಕೊಯ್ದ ಭಾಗ ಚಿಗುರಲಿಲ್ಲ. ಆದರೆ ಉಳಿದ ಒಂದೇ ಪಾಲು ಒಂದೆರಡು ವಾರದಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನಷ್ಟಾಯಿತು.

ಬೆಳೆಯಿರಿ ಅಂತ ಹೇಳಿದವರು ಯಾರು? ಲಿವರಿನಲ್ಲಿ ಕೋಟಿ ಕೋಟಿ ಜೀವಕೋಶಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಬಾಯಿಲ್ಲ, ಆದರೂ ಸುದ್ದಿ ಕಳಿಸುತ್ತವೆ. ಒಂದು ಕೋಶ ಒಂದು ರಸ ಬಿಡುತ್ತದೆ. ಅದು ಇನ್ನೊಂದು ಕೋಶಕ್ಕೆ ಹೋಗಿ, ಕೀಲಿಗೆ ಕೀಲಿಕೈ ಕೂಡಿದ ಹಾಗೆ ಕೂಡುತ್ತದೆ.

ಲಿವರ್ ಚಿಕ್ಕದಾದಾಗ ಕರುಳಿನಿಂದ ಬರುವ ರಕ್ತವೆಲ್ಲ ಉಳಿದ ತುಂಡಿಗೇ ನುಗ್ಗುತ್ತದೆ. ಕಾವಲು ಕೋಶಗಳು ರಸ ಬಿಟ್ಟು “ಏಳ್ರಿ” ಅನ್ನುತ್ತವೆ. ಎಚ್.ಜಿ.ಎಫ್. ಎಂಬ ಇನ್ನೊಂದು ರಸ “ಒಂದು ಎರಡಾಗ್ರಿ” ಅನ್ನುತ್ತದೆ. ಬೆಳೆದ ಮೇಲೆ ಬೇರೆ ರಸಗಳು “ಸಾಕು” ಅನ್ನುತ್ತವೆ. ಈ ಸಾಕು ಅನ್ನೋದೇ ನನಗೆ ದೊಡ್ಡ ಸೋಜಿಗ.

ಹಂಗಾದ್ರ ಕುಡಿದರೂ ಮತ್ತೆ ಬೆಳೀತೈತಿ ಅಂತ ಹಿಂದೆ ಕೂತ ಮಾಮಾ ನಗ್ತಿದ್ದಾರೆ. ಇಲ್ಲ ಮಾಮಾ. ವರ್ಷಗಟ್ಟಲೆ ದಿನಾ ಪೆಟ್ಟು ಬಿದ್ದರೆ ಒಳಗೆ ಬೇರೆ ಸುದ್ದಿ ಹರಡುತ್ತದೆ. ಕೆಲವು ಕೋಶಗಳು ನಾರು ಹೆಣೆಯುತ್ತವೆ. ಲಿವರ್ ಗಟ್ಟಿಯಾಗಿ ಗಂಟು ಗಂಟಾಗುತ್ತದೆ. ಅದೇ ಸಿರೋಸಿಸ್. ಆಮೇಲೆ ಬೆಳೆಯುವ ಶಕ್ತಿ ಕುಗ್ಗುತ್ತದೆ. ಕುಡಿಯದವರಿಗೂ ಇದು ಬರಬಹುದು. ಆ ಅಕ್ಕನ ತಮ್ಮ ಕುಡಿದವನಲ್ಲ, ಅವನಿಗೆ ಹೆಪಟೈಟಿಸ್-ಬಿ ಇತ್ತು. ಅದಕ್ಕೆ ಈಗ ಕೂಸುಗಳಿಗೆ ಲಸಿಕೆ ಇದೆ.

ನಿನ್ನೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಆರೋಗ್ಯವಾಗಿರುವವರು ಕೊಟ್ಟರೆ ಉಳಿದ ಲಿವರ್ ಕೆಲವು ತಿಂಗಳಲ್ಲಿ ಬಹುಪಾಲು ಬೆಳೆಯುತ್ತದೆ. ತಮ್ಮನಿಗೆ ಕೂಡಿಸಿದ ತುಂಡೂ ಬೆಳೆಯುತ್ತದೆ. ಆದರೆ ಆಪರೇಷನ್ ದೊಡ್ಡದು. ಅಪರೂಪಕ್ಕೆ ಕೊಟ್ಟವರ ಜೀವ ಹೋದದ್ದೂ ಇದೆ. ಅದನ್ನೂ ಮುಚ್ಚಿಡಲಿಲ್ಲ.

ಅವರು ಸೋಮವಾರ ತಪಾಸಣೆಗೆ ಪುಣೆಗೆ ಹೊರಟಿದ್ದಾರೆ. ಒಪ್ಪಿಗೆ ಪತ್ರ ಮರಾಠಿಯಲ್ಲಿ ಇರುತ್ತದಂತೆ. “ಮಗಳು ಓದಿ ಹೇಳ್ತಾಳ. ಹೆಸರು ನಾನಾ ಬರೀತೀನಿ, ಹೆಬ್ಬೆಟ್ಟು ಒತ್ತಂಗಿಲ್ಲ” ಅಂದರು.